ಬ್ಯಾಸ್‌ಮನ್, ಜೆಟಿಎಂ45 ಮತ್ತು ಕಾರವಾರದ ಮಳೆ: ಒಂದು ರಿಪೇರಿ, ಒಂದು ಹೋಲಿಕೆ

ಬೆಂಚಿನ ಮೇಲೆ ಎರಡು ವಾಲ್ವ್ ಆಂಪ್ ಇವೆ, ಅಂದರೆ ಹಳೇ ರೇಡಿಯೊದಲ್ಲಿರುವಂಥ ಗಾಜಿನ ವಾಲ್ವ್‌ಗಳಿಂದ ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆಗಳು. ಒಂದು ಫೆಂಡರ್ ಬ್ಯಾಸ್‌ಮನ್ 5ಎಫ್6-ಎ ಮಾದರಿಯ ಕಿಟ್ (ಬಿಡಿ ಸಾಮಾನು ತಂದು ಜೋಡಿಸಿದ್ದು). ಗಡಿಯಾಚೆ ಗೋವಾದ ಕಾಣಕೋಣದ ಹೋಟೆಲ್‌ಗಳಲ್ಲಿ ಗಿಟಾರ್ ಬಾರಿಸುವ ಕಾರವಾರದ ಹುಡುಗನದು, ರಿಪೇರಿಗೆ ಬಂದದ್ದು. ಇನ್ನೊಂದು ನಾನೇ ಕಟ್ಟಿದ ಮಾರ್ಷಲ್ ಜೆಟಿಎಂ45 ಮಾದರಿ. ಎರಡೂ ಒಟ್ಟಿಗೆ ಸಿಗುವುದು ಅಪರೂಪ, ಹಾಗಾಗಿ ರಿಪೇರಿ ಮುಗಿದ ಮೇಲೆ ಕೂಡಲೇ ವಾಪಸ್ ಕೊಡದೆ, ಅವನನ್ನೇ ಕೂರಿಸಿಕೊಂಡು ಎರಡನ್ನೂ ಹೋಲಿಸಿ ನೋಡಿದೆವು.

ಈ ಎರಡನ್ನೇ ಯಾಕೆ ಹೋಲಿಸಬೇಕು ಅಂದರೆ, ಒಳಗಡೆ ಇವು ಹೆಚ್ಚುಕಡಿಮೆ ಒಂದೇ ಆಂಪ್. 5ಎಫ್6-ಎ ಬಂದದ್ದು 1958ರಲ್ಲಿ. ಬಾಸ್ ಗಿಟಾರಿಗೆ ಅಂತ ಮಾಡಿದ್ದು, ಆದರೆ ಮುಗಿಬಿದ್ದು ಕೊಂಡವರು ಮಾಮೂಲಿ ಗಿಟಾರಿನವರು. ಲಂಡನ್ನಿನಲ್ಲಿ ಜಿಮ್ ಮಾರ್ಷಲ್ ಅಂಗಡಿಗೆ ಬರುವ ಹುಡುಗರಿಗೂ ಅದೇ ಬೇಕಿತ್ತು, ಆದರೆ ಅಮೆರಿಕದ ಮಾಲು ಅಲ್ಲಿ ತುಂಬಾ ದುಬಾರಿ. ಹಾಗಾಗಿ 1962ರಲ್ಲಿ ಮಾರ್ಷಲ್‌ಗಾಗಿ ಕೆನ್ ಬ್ರ್ಯಾನ್, ಡಡ್ಲಿ ಕ್ರೇವನ್ ಎಂಬಿಬ್ಬರು ಬ್ಯಾಸ್‌ಮನ್ ಸರ್ಕ್ಯೂಟನ್ನೇ ನೋಡಿಕೊಂಡು ಇಂಗ್ಲೆಂಡಿನಲ್ಲಿ ಸಿಗುವ ಸಾಮಾನು ಹಾಕಿ ಒಂದು ಕಟ್ಟಿದರು. ಅದೇ ಜೆಟಿಎಂ45. ಟೋನ್ ಸ್ಟ್ಯಾಕ್ (ಬಾಸ್, ಟ್ರೆಬಲ್ ತಿದ್ದುವ ಭಾಗ) ಅದೇ, ಅದರ 56ಕೆ (56,000 ಓಮ್) ರೆಸಿಸ್ಟರ್ ಅದೇ, ಫೇಸ್ ಇನ್ವರ್ಟರ್ (ಸಿಗ್ನಲನ್ನು ಒಂದಕ್ಕೊಂದು ಉಲ್ಟಾ ಇರುವ ಎರಡಾಗಿ ಮಾಡಿ ಪವರ್ ವಾಲ್ವ್‌ಗಳಿಗೆ ಕೊಡುವ ಭಾಗ) ಅದೇ. ಆದರೂ ಒಂದು ಫೆಂಡರ್ ಥರ ಕೇಳುತ್ತದೆ, ಇನ್ನೊಂದು ಮಾರ್ಷಲ್ ಥರ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಕೇಳಿದರೆ ಹತ್ತರಲ್ಲಿ ಒಂಬತ್ತು ಜನ "ವಾಲ್ವ್‌ನಲ್ಲಿ" ಅನ್ನುತ್ತಾರೆ. ನನಗೆ ಅದರ ಮೇಲೆ ಮೊದಲಿನಿಂದಲೂ ಅನುಮಾನ.

ಮೊದಲು ರಿಪೇರಿ

ದೂರು ಹೀಗಿತ್ತು: ಬೇಸಿಗೆಯಲ್ಲಿ ಆಂಪ್ ಚೆನ್ನಾಗಿತ್ತು, ಜೂನ್ ಮಳೆ ಶುರುವಾದ ಮೇಲೆ ಆನ್ ಮಾಡಿದರೆ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಸದ್ದು. ಅರ್ಧ ಗಂಟೆ ಬಿಸಿಯಾದರೆ ಸ್ವಲ್ಪ ಕಡಿಮೆ. ಒಂದು ಪವರ್ ವಾಲ್ವ್‌ನ ಒಳಗಿನ ಲೋಹದ ತಗಡು, ಅಂದರೆ ಪ್ಲೇಟ್, ಒಮ್ಮೊಮ್ಮೆ ಕೆಂಪಗಾಗುತ್ತದೆ. ಆ ಹುಡುಗ ಎರಡು ಜೊತೆ ಹೊಸ ವಾಲ್ವ್ ತರಿಸಿ ಹಾಕಿದ್ದ. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ.

ಕಾರವಾರದಲ್ಲಿ ಹಿಂದೆ ಮರ್ಫಿ, ಫಿಲಿಪ್ಸ್ ವಾಲ್ವ್ ರೇಡಿಯೊ ರಿಪೇರಿ ಮಾಡುತ್ತಿದ್ದ ಒಬ್ಬ ಮಾಮ ಇದ್ದಾರೆ. ಅಂಗಡಿ ಮುಚ್ಚಿ ವರ್ಷಗಳಾದವು, ಆದರೆ ಬಾಯಿ ಮಾತ್ರ ಇನ್ನೂ ಚುರುಕು. ಅವರಿಗೆ ಹೇಳಿದ ಕೂಡಲೇ ಬಂದ ಉತ್ತರ: "ತಮಾ, ಮಳೆಗಾಲದಲ್ಲಿ ಯಾವ ಸೆಟ್ ಬಂದರೂ ಮೊದಲು ಒಣಗಿಸು, ಆಮೇಲೆ ಬಿಚ್ಚು." ಮಾಮನ ಮಾತು ಸುಮ್ನೆ ಅಲ್ಲ.

ಹಳೇ ಫೆಂಡರ್‌ಗಳಲ್ಲಿ ರೆಸಿಸ್ಟರ್, ಕಂಡೆನ್ಸರ್ ಎಲ್ಲ ಕೂರಿಸುವುದು ಒಂದು ಕಪ್ಪು ಫೈಬರ್ ಬೋರ್ಡ್ ಮೇಲೆ. ಅದು ಕಾಗದವನ್ನು ರಾಸಾಯನಿಕದಲ್ಲಿ ಅದ್ದಿ ಒತ್ತಿ ಮಾಡಿದ ಹಲಗೆ. ಕಿಟ್ ಮಾಡುವವರೂ "ಹಳೇ ಕಾಲದ್ದೇ ಬೇಕು" ಅನ್ನುವವರಿಗಾಗಿ ಅದನ್ನೇ ಕೊಡುತ್ತಾರೆ. ಕಾಗದ ನೀರು ಕುಡಿಯುತ್ತದೆ. ನೀರು ಕುಡಿದ ಬೋರ್ಡಿನಲ್ಲಿ ಕರೆಂಟು ಹರಿಯುತ್ತದೆ, ಅದೂ 400 ವೋಲ್ಟ್‌ನ ತೂತು ಮತ್ತು ವಾಲ್ವ್ ಗ್ರಿಡ್‌ನ ತೂತು ಅಕ್ಕಪಕ್ಕ ಇರುವಾಗ. ಗ್ರಿಡ್ ಅಂದರೆ ವಾಲ್ವ್‌ನಲ್ಲಿ ಎಷ್ಟು ಕರೆಂಟು ಹರಿಯಬೇಕು ಅಂತ ಹಿಡಿತದಲ್ಲಿಡುವ ಜಾಲರಿ. ನಮ್ಮಲ್ಲಿ ಜುಲೈನಲ್ಲಿ ಗೋಡೆಯೇ ಬೆವರುತ್ತದೆ, ಬೋರ್ಡ್ ಬಿಡುತ್ತದಾ?

ನೋಡುವ ವಿಧಾನ ಸುಲಭ. ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿಡಿ. ಕಪ್ಪು ಕಡ್ಡಿ ಚಾಸಿಗೆ (ಆಂಪಿನ ಲೋಹದ ಚೌಕಟ್ಟಿಗೆ), ಕೆಂಪು ಕಡ್ಡಿ ಬೋರ್ಡಿನ ಖಾಲಿ ಜಾಗಕ್ಕೆ, ಅಂದರೆ ಯಾವ ತಂತಿಯೂ ಇಲ್ಲದ ಬರೀ ಕಪ್ಪು ಹಲಗೆಗೆ ಒತ್ತಿ ಹಿಡಿಯಿರಿ. ಅಲ್ಲಿ ಸೊನ್ನೆ ಇರಬೇಕು. ಈ ಬೋರ್ಡಿನಲ್ಲಿ ಫೇಸ್ ಇನ್ವರ್ಟರ್ ಹತ್ತಿರ 14 ವೋಲ್ಟ್ ತೋರಿಸಿತು. ಮೀಟರ್ ತಾನೇ ಸ್ವಲ್ಪ ಎಳೆದುಕೊಳ್ಳುತ್ತದೆ, ಅಂದರೆ ನಿಜವಾಗಿ ಇನ್ನೂ ಜಾಸ್ತಿಯೇ ಇದೆ.

ಇಷ್ಟು ಸೋರಿಕೆ ಏನು ಮಾಡುತ್ತದೆ ಅಂತ ಲೆಕ್ಕ ಹಾಕಿ. ಪವರ್ ವಾಲ್ವ್ ಗ್ರಿಡ್‌ನಿಂದ ಬಯಾಸ್ (ವಾಲ್ವ್ ಅತಿಯಾಗಿ ಎಳೆಯದ ಹಾಗೆ ಗ್ರಿಡ್‌ಗೆ ಕೊಡುವ ನೆಗೆಟಿವ್ ವೋಲ್ಟೇಜ್) ಕಡೆಗೆ 220ಕೆ ರೆಸಿಸ್ಟರ್ ಇದೆ. ಬೋರ್ಡಿನಿಂದ 10 ಮೈಕ್ರೊ ಆಂಪಿಯರ್ ಸೋರಿದರೂ ಗ್ರಿಡ್ 2.2 ವೋಲ್ಟ್ ಮೇಲೆ ಏರುತ್ತದೆ. ಬಯಾಸ್ ಅಷ್ಟು ಸಡಿಲವಾದರೆ ವಾಲ್ವ್ ಹೆಚ್ಚು ಕರೆಂಟು ಎಳೆಯುತ್ತದೆ, ಬಿಸಿಯಾಗುತ್ತದೆ, ಕೊನೆಗೆ ಪ್ಲೇಟ್ ಕೆಂಪು. ವಾಲ್ವ್ ಬದಲಿಸಿದರೆ ಏನು ಬಂತು? ಹೊಸ ವಾಲ್ವ್ ಕೂಡ ಅದೇ ಗ್ರಿಡ್ ನೋಡುತ್ತದೆ.

ಖಾತ್ರಿಗೆ ಹೇರ್ ಡ್ರೈಯರ್‌ನಿಂದ ಬೋರ್ಡ್ ಬಿಸಿ ಮಾಡಿದೆ. 14 ವೋಲ್ಟ್ ಇದ್ದದ್ದು 2ಕ್ಕೆ ಇಳಿಯಿತು, ಚಟಪಟ ನಿಂತಿತು. ಮರುದಿನ ಬೆಳಿಗ್ಗೆ ಮತ್ತೆ ಮೊದಲಿನ ಹಾಗೇ. ಒಣಗಿಸಿ ವಾರ್ನಿಷ್ ಹೊಡೆದು ಬಿಡಬಹುದಿತ್ತು, ಆದರೆ ಈ ಬೋರ್ಡಿನ ಕೆಳಗೆ ಇನ್ನೊಂದು ಬೋರ್ಡ್ ಇರುತ್ತದೆ, ಎರಡರ ನಡುವೆ ಕೂತ ತೇವ ಎಲ್ಲೂ ಹೋಗುವುದಿಲ್ಲ. ಇದು ನಿಜವಾದ 1959ರ ಆಂಪ್ ಆಗಿದ್ದರೆ ನಾನು ಬೋರ್ಡ್ ಮುಟ್ಟುತ್ತಿರಲಿಲ್ಲ, ಗ್ರಿಡ್ ತಂತಿಗಳನ್ನಷ್ಟೇ ಬೋರ್ಡಿನಿಂದ ಎತ್ತಿ ಗಾಳಿಯಲ್ಲಿ ಜೋಡಿಸುತ್ತಿದ್ದೆ. ಕಿಟ್ ಆದ್ದರಿಂದ ಮುಲಾಜಿಲ್ಲ. ಬೆಂಗಳೂರು ಎಸ್‌ಪಿ ರೋಡಿನಿಂದ 3 ಮಿಲಿಮೀಟರ್ ದಪ್ಪದ ಗ್ಲಾಸ್ ಎಪಾಕ್ಸಿ ಹಲಗೆ ತರಿಸಿ, ಹಳೇ ಬೋರ್ಡನ್ನು ಅಚ್ಚಿಟ್ಟು ತೂತು ಕೊರೆದು, ಬೆಸುಗೆ ಹಾಕುವ ಸಣ್ಣ ಮೊಳೆಗಳನ್ನು (ಟರೆಟ್) ಒತ್ತಿ, ಒಂದೊಂದೇ ಸಾಮಾನು ದಾಟಿಸಿದೆ. ನನ್ನ ಜೆಟಿಎಂ ಮೊದಲಿನಿಂದಲೂ ಇದೇ ಹಲಗೆಯ ಮೇಲಿದೆ, ಅದಕ್ಕೆ ಮಳೆಯ ಚಿಂತೆ ಇಲ್ಲ.

ಒಂದು ಮಾತು, ಇದನ್ನು ಓದಿ ಯಾರಾದರೂ ಆಂಪ್ ಬಿಚ್ಚುವವರಿದ್ದರೆ. ಪ್ಲಗ್ ಕಿತ್ತರೂ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ 400 ವೋಲ್ಟ್ ಮೇಲೆ ಕೂತಿರುತ್ತದೆ. 100ಕೆ, 2 ವ್ಯಾಟ್ ರೆಸಿಸ್ಟರಿಗೆ ಕ್ಲಿಪ್ ತಂತಿ ಹಾಕಿ, ಒಂದು ತುದಿ ಚಾಸಿಗೆ, ಇನ್ನೊಂದು ಕಂಡೆನ್ಸರ್‌ನ ಪ್ಲಸ್ ಕಡೆಗೆ ಹಿಡಿದು, ಒಂದು ನಿಮಿಷ ಬಿಟ್ಟು, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಿ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ಬಾರಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬೋರ್ಡಿನಲ್ಲಿ (ಆಂಪಿಗೆ ಹೋಗುವ ಕರೆಂಟು ಬಲ್ಬಿನ ಮೂಲಕ ಹಾಯುವ ಬೋರ್ಡ್) 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಇರಲಿ, ಎಲ್‌ಇಡಿ ಅಲ್ಲ.

ಬೋರ್ಡ್ ಬಿಟ್ಟರೆ ಉಳಿದದ್ದೆಲ್ಲ ಸಮುದ್ರದ ಗಾಳಿಯ ಕೆಲಸ. ವಾಲ್ವ್ ಸಾಕೆಟ್ ಕಾಲುಗಳಲ್ಲಿ ಹಸಿರು ಕಿಲುಬು, ಜಾಕ್‌ಗಳಲ್ಲಿ ಕರಕರ, ಚಾಸಿಯ ಸ್ಕ್ರೂ ತುಕ್ಕು. ಕಾಂಟ್ಯಾಕ್ಟ್ ಕ್ಲೀನರ್, ಹಲ್ಲುಜ್ಜುವ ಬ್ರಶ್ಶು, ಸೂಜಿಯಿಂದ ಸಾಕೆಟ್ ಹಿಡಿತ ಬಿಗಿ ಮಾಡಿದ್ದು, ಅಷ್ಟೇ.

ಬಯಾಸ್‌ಗೆ ಮೂಲ ಸರ್ಕ್ಯೂಟಿನಲ್ಲಿ ತಿರುಗಿಸುವ ವ್ಯವಸ್ಥೆ ಇಲ್ಲ, ಒಂದು ರೆಸಿಸ್ಟರ್ ಇದೆ ಅಷ್ಟೇ. ಅಲ್ಲಿ ಸಣ್ಣ ಪಾಟ್ (ತಿರುಗಿಸುವ ರೆಸಿಸ್ಟರ್) ಹಾಕಿದೆ. ಪ್ರತಿ ಪವರ್ ವಾಲ್ವ್‌ನ ಕ್ಯಾಥೋಡಿಗೆ 1 ಓಮ್ ರೆಸಿಸ್ಟರ್ ಹಾಕಿದರೆ ಮೀಟರಿನಲ್ಲಿ ಒಂದು ಮಿಲಿವೋಲ್ಟ್ ಅಂದರೆ ಒಂದು ಮಿಲಿ ಆಂಪಿಯರ್. ಪ್ಲೇಟ್‌ನಲ್ಲಿ 435 ವೋಲ್ಟ್, ಕರೆಂಟು 36 ಮಿಲಿ ಆಂಪಿಯರ್, ಗುಣಿಸಿದರೆ ಸುಮಾರು 15.7 ವ್ಯಾಟ್. ಇದರ ಪವರ್ ವಾಲ್ವ್ 5881, ಅದು ತಡೆಯುವುದು 23 ವ್ಯಾಟ್. ಶೇಕಡ 68, ಅದು ಸಾಕು. ನನ್ನ ಜೆಟಿಎಂನಲ್ಲಿ ಕೆಟಿ66 ಇವೆ, 420 ವೋಲ್ಟ್, 38 ಮಿಲಿ ಆಂಪಿಯರ್, 16 ವ್ಯಾಟ್. ಅದರ ಮಿತಿ 25.

ನಮ್ಮೂರಿನ ಕರೆಂಟಿನ ಬಗ್ಗೆಯೂ ಹೇಳಬೇಕು. ಮಳೆಗಾಲದ ಸಂಜೆ 200ಕ್ಕೆ ಇಳಿಯುತ್ತದೆ, ರಾತ್ರಿ ಎಲ್ಲರೂ ಮಲಗಿದ ಮೇಲೆ 250ಕ್ಕೆ ಏರುತ್ತದೆ. 230ಕ್ಕೆ ಸುತ್ತಿದ ಟ್ರಾನ್ಸ್‌ಫಾರ್ಮರಿನಲ್ಲಿ 6.3 ವೋಲ್ಟ್ ಹೀಟರ್ ಆಗ 5.5ಕ್ಕೂ 6.85ಕ್ಕೂ ನಡುವೆ ಜೋಲಿ ಹೊಡೆಯುತ್ತದೆ, ಪ್ಲೇಟ್ ವೋಲ್ಟೇಜೂ ಅದರ ಜೊತೆ. "ಇವತ್ತು ಆಂಪ್ ಟೋನ್ ಸರಿ ಇಲ್ಲ" ಅನ್ನುವ ದೂರುಗಳಲ್ಲಿ ಅರ್ಧ ಇಲ್ಲೇ ಹುಟ್ಟುತ್ತವೆ ಅಂತ ನನ್ನ ಲೆಕ್ಕ. ಹೋಲಿಕೆಗೆ ಎರಡೂ ಆಂಪ್‌ಗಳನ್ನು ಒಂದೇ ಸರ್ವೊ ಸ್ಟೆಬಿಲೈಜರ್‌ಗೆ ಹಾಕಿದೆ.

ಹೋಲಿಕೆ: ಜೋರು ಅಂದರೆ ಚೆಂದ ಅಲ್ಲ

ಮನೆಯಲ್ಲಿ 40 ವ್ಯಾಟ್ ವಾಲ್ವ್ ಆಂಪ್ ತೆರೆದರೆ ಪಕ್ಕದ ಮನೆಯವರು ಬಾಗಿಲಿಗೆ ಬರುತ್ತಾರೆ. ಹಾಗಾಗಿ ಮಾಜಾಳಿ ಕಡೆ ಭಾವನ ಬಲೆ ಇಡುವ ಶೆಡ್ಡಿಗೆ ಹುಡುಗರೆಲ್ಲ ಸೇರಿ ಹೊತ್ತುಕೊಂಡು ಹೋದೆವು. ಟ್ರಾಲರ್ ನಿಷೇಧದ ಕಾಲ, ಶೆಡ್ಡಿನಲ್ಲಿ ಬಲೆಗಳ ರಾಶಿ. ಬಲೆ ಸದ್ದನ್ನು ಚೆನ್ನಾಗಿ ಹೀರುತ್ತದೆ, ಸ್ಟುಡಿಯೊದವರಿಗೆ ಇದು ಗೊತ್ತಿಲ್ಲ. ಕಷ್ಟ ಒಂದೇ, ತಗಡಿನ ಮಾಡು. ಮಳೆ ಬಂದಾಗಲೆಲ್ಲ ನಿಲ್ಲಿಸಿ ಚಹಾ ಕುಡಿಯುವುದು.

ಎರಡೂ ಆಂಪ್‌ಗಳ ನಾಬ್ ಒಂದೇ ಜಾಗದಲ್ಲಿಟ್ಟು ಬಾರಿಸಿದರೆ ಎಲ್ಲರಿಗೂ ಜೆಟಿಎಂ ಇಷ್ಟವಾಯಿತು. ಮುಂದೆ ನುಗ್ಗಿ ಬರುತ್ತದೆ, ಗಟ್ಟಿಯಾಗಿದೆ, "ಇದರಲ್ಲಿ ಜೀವ ಇದೆ" ಇತ್ಯಾದಿ. ಸೌಂಡ್ ಮೀಟರ್ ಹಿಡಿದು ನೋಡಿದರೆ ಅದು 4 ಡೆಸಿಬೆಲ್ ಜಾಸ್ತಿ ಇತ್ತು. ಅಷ್ಟೇ ವಿಷಯ. ಒಂದೆರಡು ಡೆಸಿಬೆಲ್ ಜಾಸ್ತಿ ಇದ್ದರೆ ಕಿವಿಗೆ ಅದು "ಜೋರು" ಅನ್ನಿಸುವುದಿಲ್ಲ, "ಚೆನ್ನಾಗಿದೆ" ಅನ್ನಿಸುತ್ತದೆ. ಸದ್ದು ಏರಿದ ಹಾಗೆ ನಮಗೆ ಬಾಸ್ ಮತ್ತು ಟ್ರೆಬಲ್ ಹೆಚ್ಚು ಕೇಳುತ್ತವೆ. ಫ್ಲೆಚರ್, ಮನ್ಸನ್ ಇಬ್ಬರೂ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ವ್ಯಾಟ್ ಲೆಕ್ಕವೂ ಹಾಗೆಯೇ ಮೋಸ. 50 ವ್ಯಾಟ್‌ನಿಂದ 100ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್. ಅದರ ಬದಲು ಒಂದು ವ್ಯಾಟ್‌ಗೆ 95 ಡೆಸಿಬೆಲ್ ಕೊಡುವ ಸ್ಪೀಕರ್ ತೆಗೆದು 98ರದ್ದು ಹಾಕಿದರೂ ಅದೇ 3 ಸಿಗುತ್ತದೆ, ಕಡಿಮೆ ಖರ್ಚಿನಲ್ಲಿ.

ಹಾಗಾಗಿ ನಿಯಮ ಮಾಡಿಕೊಂಡೆವು. ಎರಡು ಮೀಟರ್ ದೂರದಲ್ಲಿ ಸೌಂಡ್ ಮೀಟರ್, ಎರಡೂ ಆಂಪ್ 95 ಡೆಸಿಬೆಲ್. ಬಾರಿಸುವ ಕೈ ಬದಲಾಗಬಾರದು ಅಂತ ಒಂದೇ ತುಣುಕನ್ನು ಲೂಪರ್ ಪೆಡಲಿಗೆ ತುಂಬಿಸಿ ಅದರಿಂದಲೇ ಎರಡಕ್ಕೂ ಕೊಟ್ಟೆವು. ಎರಡೂ ಆಂಪ್ ಒಟ್ಟಿಗೆ ಜೋಡಿಸಿದಾಗ ಹಮ್ಮಿಂಗ್ ಬಂತು. ಅದಕ್ಕೆ ಸಿಗ್ನಲ್ ತಂತಿಯ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ, ಅರ್ತ್ ಪಿನ್ ಮಾತ್ರ ಯಾವತ್ತೂ ಕೀಳಬೇಡಿ. ಸ್ವಿಚ್ ನನ್ನ ಕೈಯಲ್ಲಿ, ಹುಡುಗರು ಬೆನ್ನು ಹಾಕಿ ಕೂತರು.

ಸದ್ದು ಸಮ ಮಾಡಿದ ಕೂಡಲೇ ಅಂತರ ಅರ್ಧಕ್ಕರ್ಧ ಕಡಿಮೆಯಾಯಿತು. ಆದರೂ ಉಳಿದದ್ದು ಸ್ಪಷ್ಟ. ಬ್ಯಾಸ್‌ಮನ್ ಅಗಲವಾಗಿ, ಮೇಲುಗಡೆ ಮಿಂಚುತ್ತಾ, ಕೆಳಗಡೆ ಸ್ವಲ್ಪ ಮೆತ್ತಗೆ. ಜೆಟಿಎಂ ನಡುವಿನಲ್ಲಿ ದಪ್ಪ, ಬಾಸ್ ಬಿಗಿ.

ಮೊದಲು ಸ್ಪೀಕರ್ ಅದಲುಬದಲು. ಬ್ಯಾಸ್‌ಮನ್‌ನಲ್ಲಿ ಹತ್ತು ಇಂಚಿನ ನಾಲ್ಕು ಸ್ಪೀಕರ್, ಹಿಂದೆ ತೆರೆದ ಪೈನ್ ಪೆಟ್ಟಿಗೆ. ನನ್ನದು ಹನ್ನೆರಡು ಇಂಚಿನ ಎರಡು ಗ್ರೀನ್‌ಬ್ಯಾಕ್ ಸ್ಪೀಕರ್, ಹಿಂದೆ ಮುಚ್ಚಿದ ಪ್ಲೈವುಡ್ ಪೆಟ್ಟಿಗೆ. ಮೂಲ ಬ್ಯಾಸ್‌ಮನ್‌ನ ನಾಲ್ಕೂ ಸ್ಪೀಕರ್ ಪ್ಯಾರಲಲ್, 2 ಓಮ್. ಹೋಲಿಕೆಗೆ ಅದನ್ನು ಸೀರೀಸ್-ಪ್ಯಾರಲಲ್ ಮಾಡಿ 8 ಓಮ್ ಮಾಡಿದೆ. ನನ್ನದೂ 8 ಓಮ್, ಕಿಟ್‌ನ ಟ್ರಾನ್ಸ್‌ಫಾರ್ಮರಿನಲ್ಲಿ 2, 4, 8 ಮೂರೂ ಟ್ಯಾಪ್ (ಬೇರೆ ಬೇರೆ ಓಮ್ ಸ್ಪೀಕರಿಗೆ ಬೇರೆ ಬೇರೆ ತಂತಿ) ಇತ್ತು.

ಬ್ಯಾಸ್‌ಮನ್ ತಲೆಗೆ (ಸ್ಪೀಕರ್ ಬಿಟ್ಟು ಉಳಿದ ಆಂಪಿಗೆ) ಗ್ರೀನ್‌ಬ್ಯಾಕ್ ಪೆಟ್ಟಿಗೆ ಸಿಕ್ಕಿಸಿದ ಕೂಡಲೇ ಬೆನ್ನು ಹಾಕಿ ಕೂತಿದ್ದವರೆಲ್ಲ "ಮಾರ್ಷಲ್" ಅಂದರು. ಆಂಪ್ ಮಾಲೀಕನೂ ಅಂದ! ಜೆಟಿಎಂ ತಲೆಗೆ ನಾಲ್ಕು ಹತ್ತಿಂಚು ಹಾಕಿದಾಗ "ಫೆಂಡರ್, ಆದರೆ ಸ್ವಲ್ಪ ಸಿಟ್ಟು" ಅಂದರು. ಅಲ್ಲಿಗೆ ಅರ್ಧ ಪ್ರಶ್ನೆ ಮುಗಿಯಿತು.

ಉಳಿದ ಆ "ಸ್ವಲ್ಪ ಸಿಟ್ಟು" ಎಲ್ಲಿಂದ? ನನ್ನ ಗುಮಾನಿ ಇದ್ದದ್ದು ನೆಗೆಟಿವ್ ಫೀಡ್‌ಬ್ಯಾಕ್ ಮೇಲೆ. ಎರಡರಲ್ಲೂ ಸ್ಪೀಕರ್ ಕಡೆಯಿಂದ ಒಂದು ತಂತಿ 27ಕೆ ರೆಸಿಸ್ಟರ್ ಮೂಲಕ ಫೇಸ್ ಇನ್ವರ್ಟರಿಗೆ ವಾಪಸ್ ಬರುತ್ತದೆ. ಅದು ಆಂಪಿನ ತಪ್ಪನ್ನು ತಿದ್ದುತ್ತದೆ, ಬಾಸ್ ಬಿಗಿ ಮಾಡುತ್ತದೆ. ರೆಸಿಸ್ಟರ್ ಒಂದೇ, ಆದರೆ ಫೆಂಡರ್ ಅದನ್ನು ತೆಗೆದುಕೊಂಡದ್ದು 2 ಓಮ್ ಟ್ಯಾಪಿನಿಂದ, ಮಾರ್ಷಲ್ 16 ಓಮ್ ಟ್ಯಾಪಿನಿಂದ. ಅಲ್ಲಿ ವೋಲ್ಟೇಜ್ 2.8 ಪಟ್ಟು. ಕಾಗದದ ಮೇಲೆ ಸರ್ಕ್ಯೂಟ್ ಒಂದೇ ಥರ ಕಾಣುತ್ತದೆ, ಆದರೆ ವಾಪಸ್ ಬರುವ ಸಿಗ್ನಲ್ 9 ಡೆಸಿಬೆಲ್ ಜಾಸ್ತಿ. ಫೀಡ್‌ಬ್ಯಾಕ್ ಜಾಸ್ತಿ ಇರುವ ಆಂಪ್ ಕೊನೆಯವರೆಗೂ ಶುದ್ಧವಾಗಿರುತ್ತದೆ, ಆಮೇಲೆ ಒಮ್ಮೆಲೇ ಒರಟಾಗಿ ಒಡೆಯುತ್ತದೆ, ಅಂದರೆ ಸದ್ದು ಡಿಸ್ಟಾರ್ಟ್ ಆಗುತ್ತದೆ. ಕಡಿಮೆ ಇರುವುದು ನಿಧಾನಕ್ಕೆ, ಬೆರಳಿನ ಒತ್ತಡ ನೋಡಿಕೊಂಡು ಒಡೆಯುತ್ತದೆ.

ಬ್ಯಾಸ್‌ಮನ್‌ನ ಆ ತಂತಿಯನ್ನು 2ರಿಂದ 8 ಓಮ್ ಟ್ಯಾಪಿಗೆ ಬದಲಾಯಿಸಿದೆ. ವೋಲ್ಟೇಜ್ ಎರಡು ಪಟ್ಟಾಯಿತು. ಸದ್ದು ತುಸು ಇಳಿಯಿತು, ಅದನ್ನು ಮತ್ತೆ ಸಮ ಮಾಡಿ ಕೇಳಿದರೆ ಬಾಸ್ ಬಿಗಿ, ಒಡೆಯುವ ಜಾಗ ಗಟ್ಟಿ. ಜೆಟಿಎಂಗೆ ಉಲ್ಟಾ ಮಾಡಿ 16ರಿಂದ 4ಕ್ಕೆ ತಂದಾಗ ಅದು ಸಡಿಲವಾಗಿ ತೆರೆದುಕೊಂಡಿತು. ಟ್ರೆಬಲ್ ಎತ್ತುವ ಪ್ರೆಸೆನ್ಸ್ ನಾಬ್‌ನ ಆಟವೂ ಕಡಿಮೆಯಾಯಿತು, ಯಾಕೆಂದರೆ ಅದು ಕೆಲಸ ಮಾಡುವುದೇ ಈ ಫೀಡ್‌ಬ್ಯಾಕ್ ದಾರಿಯಲ್ಲಿ. ಹೀಗೆ ಅದಲುಬದಲಾದ ಮೇಲೆ, ಒಂದೇ ಪೆಟ್ಟಿಗೆಯಲ್ಲಿ, ಬೆನ್ನು ಹಾಕಿ ಕೂತವರು ಯಾವುದು ಯಾವುದು ಅಂತ ಹೇಳುವುದನ್ನು ಬಿಟ್ಟು ವಾದ ಶುರುಮಾಡಿದರು.

ಈಗ ವಾಲ್ವ್. ಬ್ಯಾಸ್‌ಮನ್‌ನ ಮೊದಲ ಸಾಕೆಟ್ಟಿನಲ್ಲಿ 12ಎವೈ7, ಗೇನ್ ಅಂಶ (ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸಬಲ್ಲದು ಅನ್ನುವ ಸಂಖ್ಯೆ) 44. ಜೆಟಿಎಂನಲ್ಲಿ ಇಸಿಸಿ83, ಅಂದರೆ 12ಎಎಕ್ಸ್7, ಅಂಶ 100. ರೇಡಿಯೊ ಮಾಮನ ಡಬ್ಬಿಯಿಂದ ಸಿಕ್ಕ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಇಸಿಸಿ83 ಒಂದನ್ನು ಬ್ಯಾಸ್‌ಮನ್‌ಗೆ ಹಾಕಿದೆ. ಬೆಂಗಳೂರಿನ ಬಿಇಎಲ್ ಒಂದು ಕಾಲದಲ್ಲಿ ಒಳ್ಳೇ ವಾಲ್ವ್ ಮಾಡುತ್ತಿತ್ತು, ಹಳೇ ರೇಡಿಯೊದವರ ಮನೆಯಲ್ಲಿ ಇನ್ನೂ ಸಿಗುತ್ತವೆ, ಗುಜರಿಗೆ ಹಾಕುವ ಮೊದಲು ಕೇಳಿ. ಹಾಕಿದ ಕೂಡಲೇ ಆಂಪ್ ಬೇಗ ಒಡೆಯತೊಡಗಿತು. ಎಲ್ಲರೂ "ಓಹೋ" ಅಂದರು. ವಾಲ್ಯೂಮ್ ನಾಬ್ ಇಳಿಸಿ ಸದ್ದು ಸಮ ಮಾಡಿದೆ. ಓಹೋ ಹೋಯಿತು. ಅದೇ ಟೋನ್, ನಾಬ್ ಬೇರೆ ಜಾಗದಲ್ಲಿ. ಮುಂದೆ ಬೂಸ್ಟರ್ ಪೆಡಲ್ ಇಟ್ಟರೆ ಮಾತ್ರ ಫರಕು ಉಳಿಯುತ್ತದೆ, ಆಗ 12ಎವೈ7 ಹೆಚ್ಚು ತಾಳಿಕೊಳ್ಳುತ್ತದೆ.

5881 ಮತ್ತು ಕೆಟಿ66 ಅದಲುಬದಲು ಮಾಡಿ, ಬಯಾಸ್ ಮತ್ತೆ ಕೂರಿಸಿ ಕೇಳಿದೆವು. ಕೆಟಿ66ರ ಗಾಜು ದೊಡ್ಡದು, ನೋಡಲು ಭಾರಿ ಚೆಂದ. ಕಿವಿಗೆ? ಪೂರ್ತಿ ತೆರೆದಾಗ ಏನೋ ಒಂದು ಚೂರು. ಅದಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಒಳ್ಳೇ ಸ್ಪೀಕರ್ ಬರುತ್ತದೆ.

ಕುಮಟಾದ ಗೆಳೆಯನೊಬ್ಬ ವೋಕ್ಸ್ ಎಸಿ30 ಥರದ್ದನ್ನೂ ತಂದಿದ್ದ. ನಾಲ್ಕು ಇಎಲ್84, ಕ್ಯಾಥೋಡ್ ಬಯಾಸ್, ಫೀಡ್‌ಬ್ಯಾಕ್ ಇಲ್ಲವೇ ಇಲ್ಲ. ಅದು ಬೇರೆಯೇ ಜಾತಿ, ಗಣಗಣ ಅನ್ನುತ್ತದೆ, ಮುಟ್ಟಿದರೆ ಸಾಕು ಉತ್ತರ ಕೊಡುತ್ತದೆ. ಫೀಡ್‌ಬ್ಯಾಕ್ ಎಷ್ಟು ಮುಖ್ಯ ಅನ್ನುವುದಕ್ಕೆ ಅದೂ ಒಂದು ಸಾಕ್ಷಿ. ಆದರೆ ಅದರ ಟ್ರಾನ್ಸ್‌ಫಾರ್ಮರ್ ಬಿಸಿ ನೋಡಿ ನನಗೆ ಭಯವಾಗಿ ಬೇಗ ಆಫ್ ಮಾಡಿಸಿದೆ.

ಈಗ ಎಲ್ಲವೂ ಅದರದರ ಜಾಗಕ್ಕೆ ಮರಳಿದೆ. ಬ್ಯಾಸ್‌ಮನ್ ಸ್ಪೀಕರ್‌ಗಳು ವಾಪಸ್ 2 ಓಮ್, 12ಎವೈ7 ವಾಪಸ್ ಮೊದಲ ಸಾಕೆಟ್ಟಿಗೆ. ಮಾಲೀಕನ ಆಸೆಯಂತೆ ಹಿಂದಿನ ಹಲಗೆಯಲ್ಲಿ ಒಂದು ಸ್ವಿಚ್ ಇಟ್ಟಿದ್ದೇನೆ, ಫೀಡ್‌ಬ್ಯಾಕ್ 2 ಅಥವಾ 8 ಓಮ್ ಟ್ಯಾಪಿನಿಂದ. ಸ್ಟ್ಯಾಂಡ್‌ಬೈಗೆ ಹಾಕಿದ ಮೇಲೆಯೇ ಬದಲಿಸಬೇಕು ಅಂತ ಪಕ್ಕದಲ್ಲಿ ಮಾರ್ಕರ್‌ನಲ್ಲಿ ಬರೆದಿದ್ದೇನೆ. ಕಾಣಕೋಣದ ಹೋಟೆಲಿನಲ್ಲಿ ಡ್ರಮ್ಮಿನ ಜೊತೆ ಬಾರಿಸುವಾಗ 8 ಬೇಕು, ಒಬ್ಬನೇ ಇದ್ದಾಗ 2 ಸಾಕು ಅನ್ನುತ್ತಾನೆ. ನನ್ನ ಜೆಟಿಎಂನಲ್ಲಿ 16 ಓಮ್ ಟ್ಯಾಪ್ ಹಾಗೇ ಬಿಟ್ಟು, 27ಕೆ ತೆಗೆದು 47ಕೆ ಹಾಕಿದ್ದೇನೆ, ಅದು ನನ್ನ ಕಿವಿಗೆ ಸರಿ. ಪೈನ್ ಪೆಟ್ಟಿಗೆಯ ಬಟ್ಟೆಗೆ ಹಿಡಿದ ಬೂಸಲು ಮಾತ್ರ ಬಾಕಿ ಇದೆ, ಅದಕ್ಕೆ ಬಿಸಿಲು ಬೇಕು, ಅಕ್ಟೋಬರ್‌ವರೆಗೆ ಕಾಯಬೇಕು.